ಅಪ್ಪನ ಬ್ಯಾಟು, ತಾತನ ಸ್ಕೋರ್‌ಬುಕ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಸುತ್ತುತ್ತಿವೆ. ಆಟದ ಹುಚ್ಚಿದ್ದ ಅಪ್ಪ, ಮೊಮ್ಮಕ್ಕಳ ಪಂದ್ಯ ಒಂದನ್ನೂ ತಪ್ಪಿಸದ ತಾತ ತೀರಿಕೊಂಡಿದ್ದಾರೆ. ಅವರ ಬಗ್ಗೆ ಏನು ಬರೆಯುವುದು, ಬಿಟ್ಟುಹೋದ ಸಾಮಾನನ್ನು ಏನು ಮಾಡುವುದು ಎಂಬುದು ಎಲ್ಲರ ಪ್ರಶ್ನೆ. ಆಟದ ದಾಖಲೆ, ಬಟ್ಟೆ, ಧ್ವನಿ ಸಂಗ್ರಹ ಇವುಗಳಲ್ಲಿ ಕೈ ಪಳಗಿದವರು ಉತ್ತರಿಸಿದ್ದಾರೆ. ತುರ್ತಿನ ಪ್ರಶ್ನೆಯನ್ನು ಮೊದಲು ಇಟ್ಟಿದ್ದೇವೆ.

ಅಪ್ಪ ಹೋಗಿ ಮೂರು ವಾರವಾಯಿತು. ಪ್ರತಿ ಪಂದ್ಯ ಮುಗಿದ ಮೇಲೆ ಮೊಮ್ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಅವರ ಸಿಮ್ ರದ್ದು ಮಾಡಿಸಬೇಕೆಂದಿದ್ದೇವೆ. ಆ ಸಂದೇಶಗಳು ಉಳಿಯುತ್ತವೆಯೇ?

ಸಿಮ್ ರದ್ದತಿಯನ್ನು ಎಲ್ಲ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಿ. ಬ್ಯಾಂಕಿನ ಒಟಿಪಿ, ಇಮೇಲ್ ಪಾಸ್‌ವರ್ಡ್ ಬದಲಿಸುವ ಸಂಕೇತ ಎಲ್ಲವೂ ಆ ನಂಬರಿಗೇ ಬರುತ್ತವೆ. ಇಂಟರ್‌ನೆಟ್ ಸಂಪರ್ಕವಿಲ್ಲದೆ 120 ದಿನ ಸುಮ್ಮನಿದ್ದ ಖಾತೆಯನ್ನು ವಾಟ್ಸ್ಆ್ಯಪ್ ಅಳಿಸಿಹಾಕುತ್ತದೆ. ಹಾಗಾಗಿ ಅಪ್ಪನ ಫೋನನ್ನು ಚಾರ್ಜ್ ಮಾಡಿ ಆಗಾಗ ಆನ್ ಮಾಡಿ ಇಂಟರ್‌ನೆಟ್‌ಗೆ ಸೇರಿಸುತ್ತಿರಿ.

ಮೊಮ್ಮಗನಿಗೆ ಬಂದ ಸಂದೇಶಗಳು ಅವನ ಫೋನಿನಲ್ಲಿವೆ, ಅಪ್ಪನ ಖಾತೆ ಹೋದರೂ ಅವು ಹೋಗುವುದಿಲ್ಲ. ಅಪಾಯ ಇರುವುದು ಆ ಫೋನ್ ಕಳೆದರೆ, ಒಡೆದರೆ. ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, 'ಎಕ್ಸ್‌ಪೋರ್ಟ್ ಚಾಟ್' ಆರಿಸಿ, ಮೀಡಿಯಾ ಸಮೇತ ಎಂದು ಹೇಳಿದರೆ ಒಂದು ಜಿಪ್ ಫೈಲ್ ಸಿಗುತ್ತದೆ. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಎಕ್ಸ್‌ಪೋರ್ಟ್‌ಗೆ ಸಂದೇಶಗಳ ಮಿತಿಯಿದೆ. ಇತ್ತೀಚಿನವು ಬಂದು ಹಳೆಯವು ಬಿಟ್ಟುಹೋಗುತ್ತವೆ, ನಿಮಗೆ ಬೇಕಾದದ್ದು ಹಳೆಯವೇ ಇರಬಹುದು. ಆಂಡ್ರಾಯ್ಡ್ ಫೋನಾದರೆ ಫೈಲ್ ಮ್ಯಾನೇಜರಿನಲ್ಲಿ ವಾಟ್ಸ್ಆ್ಯಪ್, ಅದರೊಳಗೆ ಮೀಡಿಯಾ, ಅದರೊಳಗೆ ವಾಯ್ಸ್ ನೋಟ್ಸ್ ಎಂಬ ಫೋಲ್ಡರ್ ಹುಡುಕಿ. ಅಲ್ಲಿ ವಾರಕ್ಕೊಂದು ಫೋಲ್ಡರ್ ಇರುತ್ತದೆ. ಇಡೀ ಫೋಲ್ಡರನ್ನೇ ಕಂಪ್ಯೂಟರಿಗೆ ನಕಲು ಮಾಡಿ. ಒಳಗಿನ ಫೈಲುಗಳು ಓಪಸ್ ಎಂಬ ಧ್ವನಿ ನಮೂನೆಯವು, ಪ್ರತಿ ಫೈಲಿನ ಹೆಸರಲ್ಲೇ ವರ್ಷ, ತಿಂಗಳು, ದಿನ ಇರುತ್ತವೆ. ಹೆಸರು ಬದಲಿಸಬೇಡಿ. ಯಾವ ಪಂದ್ಯದ ರಾತ್ರಿ ಕಳಿಸಿದ್ದು ಎಂದು ನಾಳೆ ಹೇಳಬಲ್ಲದ್ದು ಆ ಹೆಸರೊಂದೇ.

ನಕಲು ಮೂರಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿರುವವರ ಹತ್ತಿರ. ಎರಡು ವರ್ಷ ಬಳಸದ ಗೂಗಲ್ ಖಾತೆಯೂ ಅಳಿದುಹೋಗಬಹುದು, ಅಪ್ಪನ ಫೋಟೊಗಳು ಅಲ್ಲಿದ್ದರೆ ಅವನ್ನೂ ಈಗಲೇ ಇಳಿಸಿಕೊಳ್ಳಿ.

ಮುಂದಿನ ವಾರ ಅಪ್ಪನ ನೆನಪಿನ ಸಭೆ. ಐದು ನಿಮಿಷ ಮಾತಾಡಬೇಕು. 'ಕ್ರೀಡಾಪ್ರೇಮಿ, ಸ್ನೇಹಜೀವಿ, ಮಕ್ಕಳು ಮೊಮ್ಮಕ್ಕಳೆಂದರೆ ಪ್ರಾಣ' ಎಂದು ಬರೆದು ಕೂತಿದ್ದೇನೆ. ಮುಂದೆ ಸಾಗುತ್ತಿಲ್ಲ.

ಸಾಗದಿರುವುದು ಆ ಸಾಲಿನಿಂದಲೇ. ಅದನ್ನು ಹೊಡೆದುಹಾಕಿ, ಯಾರ ಅಪ್ಪನಿಗಾದರೂ ಒಪ್ಪುವ ಸಾಲು ಅದು. ಅದರ ಬದಲು ಕಾಗದದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೈದಾನದಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರು? ಪಂದ್ಯ ನೋಡುವಾಗ ಯಾವ ಕುರ್ಚಿ, ಯಾರು ಅದರಲ್ಲಿ ಕೂರುವಂತಿರಲಿಲ್ಲ? ಟಿವಿಯ ಸದ್ದು ನಿಲ್ಲಿಸಿ ರೇಡಿಯೊ ವಿವರಣೆ ಹಾಕುತ್ತಿದ್ದರೇ? ಮೊಮ್ಮಗಳು ಸೋತು ಬಂದ ದಿನ ದಾರಿಯಲ್ಲಿ ಏನು ಹೇಳಿದರು, ಅಥವಾ ಏನೂ ಹೇಳಲಿಲ್ಲವೇ? ಯಾರಿಗಾಗಿ ಯಾವ ಪಂದ್ಯ ಅರ್ಧಕ್ಕೆ ಬಿಟ್ಟು ಎದ್ದರು? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಸಾಮಾನ್ಯವಾಗಿ ಭಾಷಣದ ಬೆನ್ನೆಲುಬಾಗುತ್ತದೆ.

ಹತ್ತು ಉತ್ತರ ಬಂದರೆ ಮೂರನ್ನು ಇಟ್ಟುಕೊಳ್ಳಿ: ಆಡಿದವರಾಗಿ ಒಂದು, ನೋಡಿದವರಾಗಿ ಒಂದು, ಕಲಿಸಿದವರಾಗಿ ಒಂದು. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಎರಡು ವಾಕ್ಯದಲ್ಲಿ ಮುಗಿಯಲಿ.

ಐದು ನಿಮಿಷ ಕೊಟ್ಟಿದ್ದರೆ ನಾಲ್ಕು ನಿಮಿಷಕ್ಕೆ ಬರೆಯಿರಿ. ಗಂಟಲು ಕಟ್ಟುತ್ತದೆ, ನೀರು ಕುಡಿಯಬೇಕಾಗುತ್ತದೆ, ಉಳಿದ ನಿಮಿಷ ಅದಕ್ಕೆ ಹೋಗುತ್ತದೆ. ಫೋನಿನ ಗಡಿಯಾರ ಇಟ್ಟು ಗಟ್ಟಿಯಾಗಿ ಎರಡು ಸಲ ಓದಿ, ಮನಸ್ಸಿನಲ್ಲಿ ಓದಿದ ಲೆಕ್ಕ ಯಾವಾಗಲೂ ಕಡಿಮೆ ತೋರಿಸುತ್ತದೆ. ದಪ್ಪ ಅಕ್ಷರದಲ್ಲಿ, ಕಾಗದದ ಒಂದೇ ಬದಿಗೆ, ವಾಕ್ಯ ಪುಟದಿಂದ ಪುಟಕ್ಕೆ ಹರಿಯದಂತೆ ಬರೆದುಕೊಳ್ಳಿ. ಇನ್ನೊಂದು ಪ್ರತಿ ತಂಗಿಯ ಕೈಯಲ್ಲೋ ಗೆಳೆಯನ ಕೈಯಲ್ಲೋ ಇರಲಿ, ನಿಮಗೆ ಆಗದಿದ್ದರೆ ನಿಂತ ಸಾಲಿನಿಂದ ಅವರು ಮುಂದುವರಿಸಬಹುದು.

ಕೆಡುವ ಜಾಗ ಎರಡು. ಒಂದು, ಹೆಸರುಗಳ ಪಟ್ಟಿ: ಹತ್ತು ಜನ ಆಟಗಾರ ಗೆಳೆಯರ ಹೆಸರು ಓದಿದರೆ ಹನ್ನೊಂದನೆಯವರು ಎದುರಿಗೇ ಕೂತಿರುತ್ತಾರೆ. ಎರಡು, 'ಇನಿಂಗ್ಸ್ ಮುಗಿಸಿದರು', 'ಕೊನೆಯ ಶಿಳ್ಳೆ ಊದಿತು' ಎಂಬ ಮಾತು. ಕ್ರೀಡಾಪುಟ ಓದಿ ಬೆಳೆದ ಯಾವ ಮನುಷ್ಯನೂ ಇದನ್ನು ನೂರು ಸಲ ಕೇಳಿರುತ್ತಾನೆ. ನಮ್ಮ ಸಲಹೆ ಕೇಳಿದರೆ, ಒಂದೂ ಬೇಡ.

ಅಪ್ಪನ ಬಗ್ಗೆ ಸಣ್ಣ ಪುಸ್ತಕ ತರುತ್ತಿದ್ದೇವೆ. ಕಪಿಲ್ ದೇವ್ ಅವರ 175 ರನ್ನನ್ನು ಟಿವಿಯಲ್ಲಿ ನೋಡಿದ್ದಾಗಿ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಹಾಗೇ ಬರೆಯಬಹುದೇ?

ನೋಡಿದ್ದಾಗಿ ಬರೆಯಲಾಗದು. ಆ ಪಂದ್ಯ ನಡೆದದ್ದು 1983ರ ಜೂನ್ 18ರಂದು, ಟನ್‌ಬ್ರಿಜ್ ವೆಲ್ಸ್‌ನಲ್ಲಿ, ಜಿಂಬಾಬ್ವೆ ವಿರುದ್ಧ. 17 ರನ್ನಿಗೆ 5 ವಿಕೆಟ್ ಬಿದ್ದಿದ್ದಾಗ ಕಪಿಲ್ ಅಜೇಯ 175 ಹೊಡೆದು ತಂಡವನ್ನು 266ಕ್ಕೆ ಒಯ್ದರು. ಅಂದು ಬಿಬಿಸಿ ಸಿಬ್ಬಂದಿ ಮುಷ್ಕರದಲ್ಲಿದ್ದರು, ಪಂದ್ಯದ ಟಿವಿ ದೃಶ್ಯವೇ ಇಲ್ಲ. ಅಪ್ಪ ನೋಡಿದ್ದು ಒಂದು ವಾರದ ಮೇಲೆ, ಜೂನ್ 25ರಂದು ಲಾರ್ಡ್ಸ್‌ನಲ್ಲಿ ನಡೆದ ಫೈನಲ್ ಇರಬಹುದು. ಭಾರತ 183, ವೆಸ್ಟ್ ಇಂಡೀಸ್ 140, ಗೆಲುವು 43 ರನ್ನಿನದು. ಒಂದೇ ಟೂರ್ನಿಯ ಎರಡು ಸಂತೋಷ ನೆನಪಿನಲ್ಲಿ ಬೆಸೆದುಕೊಳ್ಳುವುದು ಸಾಮಾನ್ಯ. ಅದನ್ನು ಸುಳ್ಳು ಎಂದು ಎಣಿಸಬೇಡಿ, ಕಿತ್ತೂಹಾಕಬೇಡಿ. 'ಕಪಿಲ್ ಇನಿಂಗ್ಸನ್ನು ಕಣ್ಣಾರೆ ಕಂಡವರಂತೆ ಓವರ್ ಓವರಿಗೂ ಹೇಳುತ್ತಿದ್ದರು' ಎಂದು ಬರೆದರೆ ನಿಜವೂ ಆಯಿತು, ಅಪ್ಪನೂ ಉಳಿದರು.

ಉಳಿದ ನೆನಪುಗಳಿಗೂ ವಾರ ಹಾಕಿ ನೋಡುವ ಅಭ್ಯಾಸ ಒಳ್ಳೆಯದು. ಉದಾಹರಣೆಗೆ ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು 1999ರ ಫೆಬ್ರುವರಿ 7ರಂದು, 74 ರನ್ನಿಗೆ. ಅದು ಭಾನುವಾರ. 'ಆಫೀಸಿಗೆ ಚಕ್ಕರ್ ಹೊಡೆದು ನೋಡಿದೆ' ಎಂಬ ಮಾತು ಬಂದರೆ ಬೇರೆ ಪಂದ್ಯವಿರಬೇಕು. ಅವರೇ ಆಡಿದ ಪಂದ್ಯಗಳಿಗೆ ಕಾಲೇಜಿನ ವಾರ್ಷಿಕ ಸಂಚಿಕೆ, ಕ್ಲಬ್ಬಿನ ನಡಾವಳಿ ಪುಸ್ತಕ, ಪ್ರಮಾಣಪತ್ರದ ಹಿಂದಿನ ಮುದ್ರೆ, ಈ ಕ್ರಮದಲ್ಲಿ ಹುಡುಕಿ.

ತಾತನ ತಂಡದ ಫೋಟೊಗಳು ನೂರಾರಿವೆ. ಒಂದರ ಮೇಲೂ ವರ್ಷವಿಲ್ಲ. ಗುರುತಿಸುವುದು ಹೇಗೆ?

ಆಟದ ಫೋಟೊ ಇತರ ಫೋಟೊಗಳಿಗಿಂತ ಹೆಚ್ಚು ಮಾತಾಡುತ್ತದೆ, ಏಕೆಂದರೆ ಆಟದ ನಿಯಮ, ಸಲಕರಣೆ ಬದಲಾದ ವರ್ಷಗಳು ದಾಖಲಾಗಿವೆ. ಹಿಂದೆ ಕಾಣುವ ಸ್ಕೋರ್ ಫಲಕವನ್ನು ಭೂತಗನ್ನಡಿಯಲ್ಲಿ ನೋಡಿ. ಟೇಬಲ್ ಟೆನಿಸ್ ಗೇಮು 21ರಿಂದ 11 ಅಂಕಕ್ಕೆ ಇಳಿದದ್ದು 2001ರಲ್ಲಿ. ಬ್ಯಾಡ್ಮಿಂಟನ್‌ನಲ್ಲಿ ಸರ್ವಿಸ್ ಯಾರದಾದರೂ ಅಂಕ ಸಿಗುವ 21ರ ಪದ್ಧತಿ 2006ರಿಂದ, ಅದಕ್ಕೆ ಮುಂಚೆ ಪುರುಷರದು 15. ವಾಲಿಬಾಲ್‌ನಲ್ಲಿ 25ರ ಸೆಟ್ 1990ರ ದಶಕದ ಕೊನೆಯದು, ಹಿಂದೆ 15 ಇತ್ತು. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಮೂರಂಕದ ಕಮಾನು ಗೆರೆ ಕಂಡರೆ, ಅಂತರರಾಷ್ಟ್ರೀಯ ನಿಯಮಕ್ಕೆ ಅದು ಬಂದದ್ದು 1984ರಲ್ಲಿ. ಬಿಳಿ ಚೆಂಡಿನ ಮೇಲೆ ಕಪ್ಪು ಐದುಮೂಲೆ ಪಟ್ಟಿಗಳಿರುವ ಫುಟ್‌ಬಾಲ್ ಮನೆಮಾತಾದದ್ದು 1970ರ ವಿಶ್ವಕಪ್‌ನಿಂದ. ಕ್ರಿಕೆಟ್ ಹೆಲ್ಮೆಟ್ 1970ರ ದಶಕದ ಕೊನೆಯಿಂದ. ಒಲಿಂಪಿಕ್ಸ್ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿಗೆ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ.

ಒಂದು ಎಚ್ಚರಿಕೆ. ಈ ಗುರುತುಗಳು 'ಇದಕ್ಕಿಂತ ಹಿಂದಿನದಲ್ಲ' ಎಂದಷ್ಟೇ ಹೇಳುತ್ತವೆ. 'ಇದಕ್ಕಿಂತ ಈಚಿನದಲ್ಲ' ಎಂದು ಎಂದೂ ಹೇಳುವುದಿಲ್ಲ. ಹೊಸ ನಿಯಮ ಗಲ್ಲಿಯ ಟೂರ್ನಿಗೆ ತಲುಪಲು ವರ್ಷಗಳು ಬೇಕು, ಹಳೆಯ ಚೆಂಡು ಒಡೆಯುವವರೆಗೂ ಆಡುತ್ತಾರೆ. ಹಾಗೆಯೇ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚಾದ ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ, ಬ್ಯಾಟರಿ ಬದಲಿಸಿದ ಮೇಲೆ ಗಡಿಯಾರ ಸರಿಪಡಿಸದ ಕ್ಯಾಮೆರಾಗಳೇ ಹೆಚ್ಚು.

ಗೊತ್ತಾದ ವಿವರವನ್ನು ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದ ಗುರುತು ಮುಂಭಾಗಕ್ಕೆ ಉಬ್ಬುತ್ತದೆ. ನುಣುಪು ಕಾಗದದ ಮೇಲೆ ಪೆನ್ಸಿಲ್ ಮೂಡದಿದ್ದರೆ ಲಕೋಟೆಯ ಮೇಲೆ ಬರೆದು ಒಳಗಿಡಿ. ಸ್ಕ್ಯಾನ್ 600 ಡಿಪಿಐ ಇದ್ದರೆ ಸಾಕು. ಅಂಟಿನ ಹಾಳೆಯ ಹಳೆಯ ಆಲ್ಬಮ್ಮಿಗೆ ಹತ್ತಿಕೊಂಡ ಫೋಟೊವನ್ನು ಎಳೆಯದೆ, ಹಲ್ಲಿನ ಸಂದಿ ತೆಗೆಯುವ ದಾರವನ್ನು ಫೋಟೊದ ಹಿಂದೆ ಗರಗಸದಂತೆ ನಿಧಾನ ಆಡಿಸಿ ಬಿಡಿಸಿ. ಚೌಕಟ್ಟಿನ ಗಾಜಿಗೇ ಅಂಟಿದ್ದನ್ನು ಮುಟ್ಟಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಅಪ್ಪ ಲೀಗ್ ಪಂದ್ಯಗಳಲ್ಲಿ ಆಡಿದ ಮೂರು ಸ್ಕೋರ್‌ಬುಕ್ ಸಿಕ್ಕಿವೆ. ಅವರ ಒಟ್ಟು ಲೆಕ್ಕ ತೆಗೆಯಬೇಕು. ನಾವು ಯಾರೂ ಕ್ರಿಕೆಟ್ ಆಡಿದವರಲ್ಲ.

ಮೊದಲು ಪ್ರತಿ ಪುಟವನ್ನು ಫೋಟೊ ತೆಗೆದುಕೊಳ್ಳಿ, ಆಮೇಲೆ ಪುಸ್ತಕ ಮುಚ್ಚಿಟ್ಟು ಫೋಟೊದಿಂದ ಕೆಲಸ ಮಾಡಿ. ಪೆನ್ಸಿಲ್ ಬರಹ ಪದೇ ಪದೇ ಬೆರಳು ಸೋಕಿ ಅಳಿಸುತ್ತದೆ.

ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ರನ್ನನ್ನು ಪಂದ್ಯಗಳಿಂದ ಭಾಗಿಸುವುದು. ಭಾಗಿಸಬೇಕಾದದ್ದು ಔಟಾದ ಸಲಗಳಿಂದ. 42 ಇನಿಂಗ್ಸ್ ಆಡಿ 6 ಸಲ ನಾಟೌಟ್ ಉಳಿದು 1008 ರನ್ ಹೊಡೆದಿದ್ದರೆ, 1008 ಭಾಗ 36, ಅಂದರೆ 28. ಇನಿಂಗ್ಸ್‌ನಿಂದ ಭಾಗಿಸಿದ್ದರೆ 24 ಬರುತ್ತಿತ್ತು, ಅಪ್ಪನಿಗೆ ಅನ್ಯಾಯ. ಗಾಯಗೊಂಡು ಹೊರನಡೆದು ಮತ್ತೆ ಬಾರದಿದ್ದರೆ ಅದೂ ನಾಟೌಟ್ ಲೆಕ್ಕವೇ. ಬೌಲಿಂಗ್ ಸಾಲಿನಲ್ಲಿ ನಾಲ್ಕು ಅಂಕಿಗಳ ಕ್ರಮ ಓವರ್, ಮೇಡನ್ (ರನ್ನೇ ಕೊಡದ ಓವರ್), ರನ್, ವಿಕೆಟ್. 12-3-31-4 ಎಂದರೆ 31 ರನ್ನಿಗೆ 4 ವಿಕೆಟ್. ಬೌಲಿಂಗ್ ಸರಾಸರಿಗೆ ಕೊಟ್ಟ ಒಟ್ಟು ರನ್ನನ್ನು ವಿಕೆಟ್‌ಗಳಿಂದ ಭಾಗಿಸಿ. ಕಡಿಮೆಯಿದ್ದಷ್ಟೂ ಒಳ್ಳೆಯದು, ಗಾಬರಿಯಾಗಬೇಡಿ.

ಪುಟ ಸರಿಯಾಗಿದೆಯೇ ಎಂದು ನೋಡಲು ಎರಡು ಕಡೆಯಿಂದ ಕೂಡಿಸಿ. ಬ್ಯಾಟರ್‌ಗಳ ರನ್ ಜೊತೆ ಇತರೆ ರನ್ ಸೇರಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್ ಜೊತೆ ಬೈ, ಲೆಗ್‌ಬೈ (ಚೆಂಡು ಬ್ಯಾಟಿಗೆ ತಾಗದೆ ಬಂದ ರನ್) ಸೇರಿಸಿದರೂ ಅದೇ ಮೊತ್ತ ಬರಬೇಕು. ಬಾರದಿದ್ದರೆ ವೈಡ್ ಮತ್ತು ನೋಬಾಲ್ ಕಡೆ ನೋಡಿ: 1980ರ ದಶಕಕ್ಕೂ ಹಿಂದಿನ ಪುಸ್ತಕಗಳಲ್ಲಿ ಅವನ್ನು ಬೌಲರ್ ಖಾತೆಗೆ ಹಾಕುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ ಬರುತ್ತದೆ. ಸ್ಟ್ರೈಕ್‌ರೇಟ್ (ನೂರು ಎಸೆತಕ್ಕೆ ಎಷ್ಟು ರನ್) ತೆಗೆಯಲು ಎದುರಿಸಿದ ಎಸೆತಗಳ ಲೆಕ್ಕ ಬೇಕು, ಹಳೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಅದಿಲ್ಲ. ಅಂದಾಜಿನಿಂದ ತುಂಬಬೇಡಿ.

ಮೂರು ಪುಸ್ತಕ ಸಿಕ್ಕಿವೆ ಎಂದರೆ ಸಿಗದವೂ ಇರುತ್ತವೆ. ಪಟ್ಟಿಯ ಮೇಲೆ 'ದೊರೆತ ಪಂದ್ಯಗಳ ಲೆಕ್ಕ' ಎಂದೇ ಬರೆಯಿರಿ. ಸೊನ್ನೆಗೆ ಔಟಾದ ಪಂದ್ಯಗಳನ್ನು ಬಿಡಬೇಡಿ. ಮೊಮ್ಮಕ್ಕಳು ಮೊದಲು ಹುಡುಕುವುದು ಅವನ್ನೇ.

ಪತ್ರಿಕೆಯಲ್ಲಿ ಬಂದ ವರದಿಗಳ ತುಣುಕುಗಳಿಗೆ ಲ್ಯಾಮಿನೇಶನ್ ಮಾಡಿಸಲೇ?

ಬೇಡ. ಸುದ್ದಿಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿ ಆಮ್ಲವಾಗಿ ಹಳದಿಯಾಗುವುದು ಅದರಿಂದ. ಲ್ಯಾಮಿನೇಶನ್ ಆ ಆಮ್ಲವನ್ನು ಒಳಗೇ ಮುಚ್ಚಿಡುತ್ತದೆ, ಮತ್ತೆ ಬಿಚ್ಚಲೂ ಆಗದು. ಸೆಲೋಟೇಪೂ ಬೇಡ. ತುಣುಕಿನ ಹಿಂದೆ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿದರೆ ಹಿಂಬದಿಯ ಅಕ್ಷರ ಇಣುಕುವುದಿಲ್ಲ. ಮುದ್ರಿತ ಚಿತ್ರದಲ್ಲಿ ಅಲೆ ಅಲೆಯಾಗಿ ಗೆರೆ ಬಂದರೆ ಸ್ಕ್ಯಾನರಿನಲ್ಲಿ ಡಿಸ್ಕ್ರೀನ್ ಆಯ್ಕೆ ಹಾಕಿ. ಆಮ್ಲರಹಿತ ಕಾಗದಕ್ಕೆ ಪ್ರತಿ ತೆಗೆದು ಆಲ್ಬಮ್ಮಿಗೆ ಹಾಕಿ, ಮೂಲವನ್ನು ಬೇರೆ ಲಕೋಟೆಯಲ್ಲಿ ಕತ್ತಲಲ್ಲಿಡಿ. ಫೋಟೊಗಳ ಜೊತೆ ಮಾತ್ರ ಇಡಬೇಡಿ, ಕಲೆ ಅವಕ್ಕೂ ಹತ್ತುತ್ತದೆ. ಪತ್ರಿಕೆಯ ಹೆಸರು, ತಾರೀಕು, ಪುಟ ಬರೆಯುವುದನ್ನು ಮರೆಯಬೇಡಿ.

ತಾತನ ಹದಿನೈದು ಜೆರ್ಸಿಗಳಿವೆ. ಮೊಮ್ಮಕ್ಕಳಿಗೆ ಹೊದಿಕೆ ಮಾಡಿಸೋಣ ಎನ್ನುತ್ತಾಳೆ ಅಕ್ಕ. ಅಮ್ಮ ಕತ್ತರಿ ಹಾಕಲು ಒಪ್ಪುತ್ತಿಲ್ಲ.

ಇಬ್ಬರ ಮಾತೂ ನಡೆಯಲಿ. ಅತಿ ಹಳೆಯದು, ಹಸ್ತಾಕ್ಷರವಿರುವುದು, ಅಮ್ಮ ಆರಿಸಿದ್ದು, ಹೀಗೆ ಮೂರನ್ನು ತೆಗೆದಿಟ್ಟು ಹನ್ನೆರಡಕ್ಕೆ ಕತ್ತರಿ ಹಾಕಿ. ಅದಕ್ಕೂ ಮುಂಚೆ ಹದಿನೈದನ್ನೂ ಹಿಂದೆ ಮುಂದೆ ಫೋಟೊ ತೆಗೆಯಿರಿ. ಅಮ್ಮ ಒಪ್ಪುವವರೆಗೆ ಕಾಯಿರಿ, ಹೊದಿಕೆಗೇನೂ ಅವಸರವಿಲ್ಲ.

ಎತ್ತಿಡುವ ಜೆರ್ಸಿಯನ್ನು ಒಗೆದೇ ಇಡಬೇಕು. ಬೆವರಿನ ಉಪ್ಪು, ಎಣ್ಣೆಯಂಶ ಬಟ್ಟೆಯನ್ನು ಹಳದಿಯಾಗಿಸುತ್ತವೆ, ಹುಳ ಬರುವುದೂ ಅದಕ್ಕೇ. ಒಳಹೊಲಿಗೆಯ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ತಣ್ಣೀರು, ಸೌಮ್ಯ ದ್ರವ ಸಾಬೂನು, 15 ನಿಮಿಷ ನೆನೆಸಿ, ನೊರೆ ಹೋಗುವವರೆಗೆ ಜಾಲಿಸಿ. ಹಿಂಡದೆ ಬಿಳಿ ಟವಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಹರಡಿ. ಹಸ್ತಾಕ್ಷರವಿರುವುದನ್ನು ಮಾತ್ರ ಒಗೆಯಬೇಡಿ, ಮಾರ್ಕರ್ ಶಾಯಿ ಹರಡುತ್ತದೆ. ಮಡಿಕೆಗಳ ಒಳಗೆ ಆಮ್ಲರಹಿತ ಟಿಶ್ಯೂ ಕಾಗದ ಸುರುಳಿ ಮಾಡಿ ಇಡಿ. ಹಿಂದಿನ ಅಂಕಿ ರಬ್ಬರಿನಂಥದಾದರೆ ಅದರ ಮೇಲೂ ಒಂದು ಹಾಳೆ ಹಾಕಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತದೆ. ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಅವರ ಮೈವಾಸನೆ ಉಳಿಯಲಿ ಎಂದು ಯಾರಾದರೂ ಕೇಳಿದರೆ ಒಂದು ಅಂಗಿಯನ್ನು ಒಗೆಯದೆ ಬೇರೆ ಡಬ್ಬಿಯಲ್ಲಿ ಕೊಡಿ. ವಾಸನೆ ಕ್ರಮೇಣ ಹೋಗಿಯೇ ಹೋಗುತ್ತದೆ, ಆಮೇಲೆ ಒಗೆಯಬಹುದು.

ಇನ್ನು ಹೊದಿಕೆ. ಹನ್ನೆರಡು ತುಂಡು, ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು. ಜೆರ್ಸಿ ಬಟ್ಟೆ ಎಳೆದರೆ ಹಿಗ್ಗುತ್ತದೆ, ನೇರವಾಗಿ ಕತ್ತರಿಸಿ ಹೊಲಿದರೆ ಚೌಕಗಳು ಸೊಟ್ಟಗಾಗುವುದು ಖಚಿತ. ಆದ್ದರಿಂದ ಕತ್ತರಿಸುವ ಮೊದಲೇ ಹಿಂಬದಿಗೆ ಹಗುರವಾದ, ಇಸ್ತ್ರಿಗೆ ಅಂಟುವ ಕ್ಯಾನ್ವಾಸನ್ನು 14 ಇಂಚು ಚೌಕ ಅಂಟಿಸಿ. ಪಾಲಿಯೆಸ್ಟರ್ ಬಿಸಿಗೆ ಕರಗುತ್ತದೆ: ಇಸ್ತ್ರಿ ಕಡಿಮೆ ಬಿಸಿಯಲ್ಲಿ, ನಡುವೆ ಹತ್ತಿಬಟ್ಟೆ ಹಾಕಿ, ಜಾರಿಸದೆ ಒತ್ತಿ ಎತ್ತಿ. ಅಚ್ಚಿನ ಮೇಲೆ ಇಸ್ತ್ರಿ ಇಡಲೇಬೇಡಿ. ಆರಿದ ಮೇಲೆ 12.5 ಇಂಚು ಚೌಕಕ್ಕೆ ಕತ್ತರಿಸಿ. ಎಲ್ಲ ಅಂಚಿಗೂ ಕಾಲು ಇಂಚು ಹೊಲಿಗೆ ಹೋದರೆ ಮುಗಿದ ಹೊದಿಕೆ 36ಕ್ಕೆ 48 ಇಂಚು. ಒಬ್ಬ ಮಗುವಿಗೆ ಸರಿಯಾದ ಅಳತೆ. ಅಡಿಬಟ್ಟೆ, ನಡುವಿನ ಹತ್ತಿಪದರ ನಾಲ್ಕೂ ಕಡೆ 4 ಇಂಚು ಹೆಚ್ಚಿರಲಿ, ಅಂದರೆ 44ಕ್ಕೆ 56. ಹೆಣೆದ ಬಟ್ಟೆಗೆ ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ, ಸಾಮಾನ್ಯ ಸೂಜಿ ಎಳೆ ಕತ್ತರಿಸಿ ತೂತು ಬಿಡುತ್ತದೆ. ಬೆನ್ನಿನ ಅಂಕಿ 12 ಇಂಚಿಗೆ ಹಿಡಿಸದಿದ್ದರೆ ಅಂಕಿಯನ್ನು ತುಂಡರಿಸಬೇಡಿ, ಎದೆಯ ಲಾಂಛನದ ಭಾಗ ಬಳಸಿ. ಮೊಮ್ಮಕ್ಕಳು ಇಬ್ಬರಿಗಿಂತ ಹೆಚ್ಚಿದ್ದರೆ ಒಂದು ಹೊದಿಕೆಗಾಗಿ ಜಗಳವಾಗುತ್ತದೆ; ತಲಾ ಒಂದು ದಿಂಬುಗವಸು ಮಾಡಿಸುವುದು ಜಾಣತನ.

ಅಪ್ಪನ ಬ್ಯಾಟನ್ನು ಗೋಡೆಗೆ ಹಾಕಬೇಕು. ಎಣ್ಣೆ ಹಚ್ಚಬೇಕೇ? ಗೆದ್ದ ಕಪ್ಪುಗಳನ್ನು ಹೊಳಪು ಮಾಡಿಸಲೇ?

ಆಡದ ಬ್ಯಾಟಿಗೆ ಎಣ್ಣೆ ಬೇಕಿಲ್ಲ. ಹಸ್ತಾಕ್ಷರವಿದ್ದರೆ ಖಂಡಿತ ಬೇಡ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಚೆಂಡಿನ ಕೆಂಪು ಗುರುತುಗಳನ್ನು ಮರಳುಕಾಗದದಿಂದ ಉಜ್ಜಬೇಡಿ, ಅವೇ ಬ್ಯಾಟಿನ ಚರಿತ್ರೆ. ಅಪ್ಪ ಸುತ್ತಿದ ಟೇಪು, ದಾರವೂ ಇರಲಿ. ನಿಯಮದ ಪ್ರಕಾರ ಬ್ಯಾಟು ಉದ್ದ 96.5, ಅಗಲ 10.8 ಸೆಂಟಿಮೀಟರ್ ಮೀರುವಂತಿಲ್ಲ, ದಪ್ಪ 6.7. ಹಾಗಾಗಿ ಪೆಟ್ಟಿಗೆಯ ಒಳ ಅಳತೆ 102ಕ್ಕೆ 18, ಆಳ 10 ಸೆಂಟಿಮೀಟರ್ ಇದ್ದರೆ ಯಾವ ಬ್ಯಾಟೂ ಗಾಜಿಗೆ ತಾಗದೆ ಕೂರುತ್ತದೆ. ಬ್ಯಾಟಿಗೆ ಮೊಳೆ, ತಿರುಪು ಹೊಡೆಯದೆ ಹಿಂಬದಿ ಹಲಗೆಗೆ ಮೆತ್ತೆ ಸುತ್ತಿದ ಎರಡು ಕೊಕ್ಕೆ ಹಾಕಿ. ಬಿಸಿಲು ಬೀಳುವ ಗೋಡೆ, ಒಲೆಯ ಹತ್ತಿರದ ಗೋಡೆ ಬೇಡ, ಮರ ಒಣಗಿ ಸೀಳುತ್ತದೆ. ಮೊಮ್ಮಗ ಒಂದು ಸಲ ಆಡಲೇಬೇಕೆಂದರೆ ಟೆನಿಸ್ ಚೆಂಡಿನಲ್ಲಿ ಆಡಲಿ. ವರ್ಷಗಟ್ಟಲೆ ಒಣಗಿದ ಬ್ಯಾಟಿನ ವಿಲ್ಲೋ ಮರ ಚರ್ಮದ ಚೆಂಡಿಗೆ ತುದಿಯಲ್ಲೇ ಸೀಳು ಬಿಡುತ್ತದೆ.

ಕಪ್ಪುಗಳ ಹೊಳಪು: ಬೆಳ್ಳಿ ಲೇಪದ ಕಪ್ಪನ್ನು ಉಜ್ಜಿದಷ್ಟೂ ಲೇಪ ಸವೆದು ಕೆಳಗಿನ ಲೋಹ ಕಾಣುತ್ತದೆ, ಕೆತ್ತಿದ ಹೆಸರೂ ತೇಲಿಹೋಗುತ್ತದೆ. ಮೃದು ಬಟ್ಟೆ, ಬೆಚ್ಚನೆ ಸಾಬೂನು ನೀರು, ಕೂಡಲೇ ಒರೆಸಿ ಒಣಗಿಸಿ, ಅಷ್ಟೇ. ಕಂಚಿನ ಪದಕದ ಕಂದು ಪೊರೆ ತೆಗೆಯಬೇಡಿ. ರಬ್ಬರ್ ಬ್ಯಾಂಡ್ ಹಾಕಿಡಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಜಾಗವಿಲ್ಲದಿದ್ದರೆ ಪ್ಲಾಸ್ಟಿಕ್ ಕಪ್ಪುಗಳ ಹೆಸರುಫಲಕ ಮಾತ್ರ ಬಿಚ್ಚಿ ಒಂದು ಹಲಗೆಗೆ ಜೋಡಿಸಿ. ಮೂವತ್ತು ಕಪ್ಪಿನ ಧೂಳಿಗಿಂತ ಮೂವತ್ತು ಫಲಕದ ಒಂದು ಹಲಗೆ ವಾಸಿ.

ತಾತ ಪಂದ್ಯದ ವಿವರಣೆಯನ್ನು ಅನುಕರಿಸಿ ಮಾತಾಡಿದ ಕ್ಯಾಸೆಟ್ ಸಿಕ್ಕಿದೆ. ಕಂಪ್ಯೂಟರಿಗೆ ಹಾಕುವುದು ಹೇಗೆ?

ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಒತ್ತಿದರೂ ಧ್ವನಿ ಅಳಿಯದು. ಟೇಪನ್ನು ಪ್ಲೇಯರಿನ ತಲೆಗೆ (ಧ್ವನಿ ಓದುವ ಹೆಡ್‌ಗೆ) ಒತ್ತುವ ಪುಟ್ಟ ಬಟ್ಟೆತುಂಡು ಉದುರಿದ್ದರೆ ಧ್ವನಿ ಮಂಕಾಗುತ್ತದೆ. ತಿರುಪಿರುವ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಗಳನ್ನು ಬದಲಿಸಿ. ಪ್ಲೇಯರಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಿಮಗೆ ಬೇಡದ ಕ್ಯಾಸೆಟ್ ಹಾಕಿ ನೋಡಿ, ಟೇಪು ನುಂಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇದನ್ನು ಹಾಕಿ.

ಪ್ಲೇಯರಿನ ಲೈನ್‌ಔಟ್‌ನಿಂದ ಕಂಪ್ಯೂಟರಿನ ಲೈನ್‌ಇನ್‌ಗೆ ಅಥವಾ ಯುಎಸ್‌ಬಿ ಆಡಿಯೊ ಪೆಟ್ಟಿಗೆಗೆ ತಂತಿ ಕೊಡಿ. ಹೆಡ್‌ಫೋನ್ ತೂತಿನಿಂದ ಮೈಕ್ ತೂತಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ, ಆಮೇಲೆ ಯಾವ ತಂತ್ರಾಂಶವೂ ಸರಿಮಾಡದು. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. 48 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲ್ ಆಗಿ ಉಳಿಸಿ, ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಸಿ-60 ಆದರೆ ಬದಿಗೆ 30 ನಿಮಿಷ. ಎರಡೂ ಬದಿಯನ್ನು ಕೊನೆಯವರೆಗೂ ಓಡಿಸಿ, ಖಾಲಿ ಎನಿಸಿದ ಮೇಲೂ ಏನಾದರೂ ಇರಬಹುದು. ಹಿನ್ನೆಲೆಯ ಸದ್ದು ತೆಗೆಯುವುದಾದರೆ ನಕಲಿನಲ್ಲಿ ತೆಗೆಯಿರಿ. ಹಿಂದೆ ಯಾರೋ ನಗುವುದು, ಫ್ಯಾನಿನ ಸದ್ದು ಎಲ್ಲ ಸೇರಿಯೇ ಅದು ನಿಮ್ಮ ಮನೆ. ಓಡುವಾಗ ಟೇಪು ಕೀರಲು ಸದ್ದು ಮಾಡಿದರೆ ಅಲ್ಲೇ ನಿಲ್ಲಿಸಿ ಬಲ್ಲವರ ಕೈಗೆ ಕೊಡಿ.

ಆರು ವರ್ಷದ ಮಗಳು 'ತಾತ ನನ್ನ ಮ್ಯಾಚಿಗೆ ಯಾವಾಗ ಬರ್ತಾರೆ' ಎಂದು ದಿನಾ ಕೇಳುತ್ತಾಳೆ. ಉತ್ತರ ಹೇಳಿ ಹೇಳಿ ಸಾಕಾಗಿದೆ.

ಈ ವಯಸ್ಸಿನ ಹಲವು ಮಕ್ಕಳಿಗೆ ಸಾವು ಹಿಂತಿರುಗದ್ದು ಎಂಬುದು ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ, ಕೇಳಿ ಕೇಳಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಪ್ರತಿ ಸಲ ಒಂದೇ ಉತ್ತರ ಕೊಡಿ: 'ತಾತ ಸತ್ತುಹೋದರು. ಅವರ ಮೈ ಕೆಲಸ ಮಾಡುವುದು ನಿಂತಿತು. ಅವರು ಬರೋದಿಲ್ಲ.' ಕಠಿಣ ಎನಿಸಿದರೂ 'ಮಲಗಿದ್ದಾರೆ', 'ದೂರ ಹೋಗಿದ್ದಾರೆ' ಎನ್ನಬೇಡಿ. ಮೊದಲನೆಯದಕ್ಕೆ ಮಲಗಲು ಹೆದರುತ್ತಾಳೆ, ಎರಡನೆಯದಕ್ಕೆ ಕಾಯುತ್ತಾಳೆ. ಅವಳ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ: ಇನ್ನು ಮೇಲೆ ಯಾರು ಬರುತ್ತಾರೆ, ನೀರಿನ ಬಾಟಲಿ ಯಾರು ಹಿಡಿಯುತ್ತಾರೆ? ಅದಕ್ಕೆ ಹೆಸರು ಹಿಡಿದು ಉತ್ತರ ಕೊಡಿ, 'ಶನಿವಾರ ಚಿಕ್ಕಪ್ಪ ಬರ್ತಾರೆ' ಎಂದು, ಮತ್ತು ಅವರು ಬರುವಂತೆ ನೋಡಿಕೊಳ್ಳಿ.

ತಾತ ಕಲಿಸಿದ್ದನ್ನು ಅವಳು ಚಿತ್ರ ಬರೆದು ಹೇಳಲಿ, ನೀವು ಪಕ್ಕದಲ್ಲಿ ಅವಳ ಮಾತನ್ನೇ ತಿದ್ದದೆ ಬರೆಯಿರಿ, ತಾರೀಕು ಹಾಕಿ. ಈ ವಯಸ್ಸಿನ ನೆನಪು ದೊಡ್ಡವಳಾದ ಮೇಲೆ ಬಹಳಷ್ಟು ಉಳಿಯುವುದಿಲ್ಲ, ಆದ್ದರಿಂದ ಈ ಕೆಲಸ ಮುಂದಿನ ವರ್ಷಕ್ಕೆ ತಳ್ಳುವಂಥದಲ್ಲ.

ಅಪ್ಪನ ಹೆಸರಿನಲ್ಲಿ ವರ್ಷಕ್ಕೊಂದು ಟೂರ್ನಿ ನಡೆಸಬೇಕೆಂದಿದ್ದೇವೆ. ಹನ್ನೊಂದು ತಂಡ ಒಪ್ಪಿವೆ. ಎರಡು ದಿನ ಮೈದಾನ ಸಿಗುತ್ತದೆ.

ನಾಕೌಟ್ ಆದರೆ ತಂಡಗಳಿಗಿಂತ ಒಂದು ಕಡಿಮೆ ಪಂದ್ಯ, ಅಂದರೆ 10. 2, 4, 8, 16 ಎಂದು ದುಪ್ಪಟ್ಟಾಗುವ ಸಂಖ್ಯೆಗಳಲ್ಲಿ ಹನ್ನೊಂದಕ್ಕೆ ಮೇಲಿನದು 16. 16ರಲ್ಲಿ 11 ಕಳೆದರೆ 5 ತಂಡಗಳಿಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ. ಉಳಿದ 6 ತಂಡಗಳ 3 ಪಂದ್ಯ, ಆಮೇಲೆ ಎಂಟರ ಘಟ್ಟ. ಬೈಗಳನ್ನು ಮೊದಲ ಸುತ್ತಿನಲ್ಲೇ ಮುಗಿಸಿ, ನಡುವೆ ಕೊಟ್ಟರೆ ಜಗಳ. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಮಾಡಿದರೆ 55 ಪಂದ್ಯ, ಎರಡು ದಿನಕ್ಕೆ ಆಗದ ಮಾತು. ಮೊದಲ ಪಂದ್ಯಕ್ಕೇ ಹೊರಬೀಳುವವರಿಗೆ ಬೇಸರವಾಗದಿರಲು, ಸೋತವರಿಗೊಂದು ಪ್ರದರ್ಶನ ಪಂದ್ಯ ಇಡಿ.

ಪಂದ್ಯದ ಹೊತ್ತಿಗೆ ಮೂರರಲ್ಲೊಂದು ಪಾಲು ಹೆಚ್ಚು ಸೇರಿಸಿ ವೇಳಾಪಟ್ಟಿ ಹಾಕಿ, ಟಾಸ್ ಮತ್ತು ಗಾಯದ ಹೊತ್ತು ಅದರಲ್ಲಿ ಸೇರಲಿ. ಸಮ ಆದರೆ, ಮಳೆ ಬಂದರೆ ಏನು ಎಂಬುದನ್ನು ಮೊದಲೇ ಬರೆದು ನಾಯಕರ ಸಹಿ ಪಡೆಯಿರಿ. ಅಪ್ಪನ ವಾರಗೆಯವರ ಪಂದ್ಯ ಇಡುವುದಾದರೆ ಹೃದಯಾಘಾತದ ಯೋಚನೆ ಇರಲೇಬೇಕು: ಹೃದಯ ನಿಂತರೆ ಎದೆ ಒತ್ತಲು ಬಲ್ಲವರು ಇಬ್ಬರಾದರೂ ಗೆರೆಯ ಪಕ್ಕ ಇರಲಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಆಂಬುಲೆನ್ಸ್ ಒಳಬರುವ ಗೇಟಿನ ಮುಂದೆ ವಾಹನ ನಿಲ್ಲದಂತೆ ನೋಡಿಕೊಳ್ಳಿ.

ಇನ್ನು ಹಣ, ಜನ. ಮೂರು ವರ್ಷಕ್ಕೆ ಎಂದು ಘೋಷಿಸಿ, ಆಮೇಲೆ ನೋಡೋಣ ಎನ್ನಿ. 'ಪ್ರತಿ ವರ್ಷ' ಎಂದು ಶುರುವಾದದ್ದು ಒಬ್ಬನೇ ಮಗನ ಹೆಗಲಿಗೆ ಬಿದ್ದು ಸದ್ದಿಲ್ಲದೆ ನಿಲ್ಲುವುದಕ್ಕಿಂತ ಇದು ಮೇಲು. ಪರ್ಯಾಯ ಟ್ರೋಫಿ ಗೆದ್ದವರಿಂದ ಸಹಿ ಪಡೆದು ಕೊಡಿ, ಮರಳಿಸುವ ತಾರೀಕು ಬರೆದು. ಪಂದ್ಯಶ್ರೇಷ್ಠ ಪ್ರಶಸ್ತಿ ಎಲ್ಲೆಡೆ ಇದೆ. ಅಪ್ಪ ಸ್ಕೋರ್ ಬರೆಯುವುದನ್ನು ಇಷ್ಟಪಟ್ಟಿದ್ದರೆ ಅಚ್ಚುಕಟ್ಟಾಗಿ ಸ್ಕೋರ್ ಬರೆದ ಹುಡುಗನಿಗೋ ಹುಡುಗಿಗೋ ಒಂದು ಬಹುಮಾನ ಇಡಿ.

ಅಪ್ಪನ ಓಟದ ಬೂಟಿನ ಅಟ್ಟೆ ಪುಡಿಪುಡಿಯಾಗುತ್ತಿದೆ. ಉಳಿಸಬಹುದೇ?

ಆಗದು. ನಡುವಿನ ಅಟ್ಟೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನದಾಗಿದ್ದರೆ ಗಾಳಿಯ ತೇವಕ್ಕೆ ಅದು ತಾನೇ ಒಡೆಯುತ್ತದೆ, ಹಾಕಿದರೂ ಹಾಕದಿದ್ದರೂ. ಅಂಟು ಹಾಕಿದರೆ ಪಕ್ಕದಲ್ಲೇ ಇನ್ನೊಂದು ಕಡೆ ಉದುರುತ್ತದೆ. ಐದೂ ಕಡೆಯಿಂದ, ಅಡಿಯ ಸವೆತವೂ ಕಾಣುವಂತೆ ಫೋಟೊ ತೆಗೆಯಿರಿ. ಮೇಲ್ಭಾಗ ಗಟ್ಟಿಯಿದ್ದರೆ ಅಟ್ಟೆ ಬಿಡಿಸಿ ಒಳಗೆ ಆಮ್ಲರಹಿತ ಕಾಗದ ತುಂಬಿ ಇಡಬಹುದು. ಲೇಸನ್ನಂತೂ ತೆಗೆದಿಡಿ, ಅದಕ್ಕೇನೂ ಆಗುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ಜೆರ್ಸಿಗಳಿದ್ದರೆ ಇವತ್ತೇ ಬೇರೆ ಮಾಡಿ. ಆ ಪುಡಿ ಅಂಟಂಟಾಗಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.